ಆರನೆಯ ಟ್ರ್ಯಾಕು

ಹತ್ತೊಂಬತ್ತು ವರ್ಷದಿಂದ ಅವಳು ಭಾವನ ಜೊತೆ ಜಾಝ್ ನುಡಿಸುತ್ತಿದ್ದಳು. ಭಾವನದು, ಎಂದರೆ ಅಕ್ಕನ ಗಂಡನದು, ಪಿಯಾನೊ; ಇವಳದು ತನಗಿಂತ ಒಂದು ಗೇಣು ಎತ್ತರದ ಡಬಲ್ ಬೇಸ್ ಎಂಬ ತಂತಿವಾದ್ಯ. ಡ್ರಮ್ಸ್‌ಗೆ ಕೂರುವವನು ಲಯದಲ್ಲಿ ಕೂದಲೆಳೆಯಷ್ಟೂ ತಪ್ಪದವನಾದ್ದರಿಂದ ಅವನ ಹೆಸರೇ ಗಡಿಯಾರ ಎಂದಾಗಿಹೋಗಿತ್ತು.

ಹೊಸ ಆಲ್ಬಮ್ಮಿನ ರೆಕಾರ್ಡಿಂಗಿನ ಎರಡನೆಯ ದಿನ, ಭಾವ ಬರೆದು ತಂದಿದ್ದ ಐದು ಟ್ಯೂನುಗಳೂ ಮಧ್ಯಾಹ್ನಕ್ಕೇ ಮುಗಿದವು. ಸ್ಟುಡಿಯೋ ಸಂಜೆಯವರೆಗೂ ಅವರದೇ. ಭಾವ ಪಿಯಾನೊ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಒತ್ತಿ ನೋಡಿ, ಏನೂ ಹೊಳೆಯದೆ ಕೈಚೆಲ್ಲಿ ಕೂತ.

ಆಗ ಅವಳು ಯಾರನ್ನೂ ಕೇಳದೆ ಶುರು ಮಾಡಿದಳು. ಮೂರು ಸ್ವರ, ಒಂದು ನಿಲುಗಡೆ. ಮತ್ತೆರಡು ಸ್ವರ, ಇನ್ನೂ ಉದ್ದನೆಯ ನಿಲುಗಡೆ. ಗಡಿಯಾರ ಮೆಲ್ಲಗೆ ಡ್ರಮ್ ಸವರುವ ತಂತಿ ಬ್ರಷ್ಷುಗಳನ್ನು ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ಪಿಯಾನೊವೂ ಕೂಡಿಕೊಂಡಿತು. ಒಂಬತ್ತು ನಿಮಿಷ, ಒಂದೇ ಟೇಕ್.

"ಎಲ್ಲಿಂದ ಬಂತೇ ಇದು?" ಎಂದ ಭಾವ.

"ಅಮ್ಮನ ನಡಿಗೆ, ಭಾವ. ಕೊನೇಲಿ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ಳಲ್ಲ, ಹಾಗೆ."

ಅಮ್ಮ ಸಾಯುವ ಮುಂಚಿನ ಹದಿನಾಲ್ಕು ತಿಂಗಳು ಅವಳ ಹಿಂದೆ ಎರಡೂ ಕೈ ಚಾಚಿಕೊಂಡು ನಡೆದವಳು ಇವಳೊಬ್ಬಳೇ. ಅಕ್ಕ ಭಾವ ಬಂದದ್ದು ಎರಡೇ ಸಲ. ಎರಡು ಸಲವೂ ಅಮ್ಮ ಹಾಸಿಗೆಯಲ್ಲಿದ್ದಳು; ಅವರು ಕುರ್ಚಿಯ ತುದಿಯಲ್ಲಿ ಕೂತು ಎದ್ದುಹೋಗಿದ್ದರು.

ಆಲ್ಬಮ್ ಕೈಗೆ ಬಂದಾಗ ಆರನೆಯ ಟ್ರ್ಯಾಕಿನ ಹೆಸರು 'ಅತ್ತೆಗೆ' ಎಂದಿತ್ತು. ರಚನೆ ಎಂಬಲ್ಲಿ ಭಾವನ ಹೆಸರು. ಕೆಳಗೆ, ಅತ್ತೆಯ ಕೊನೆಯ ದಿನಗಳ ಹೆಜ್ಜೆಸಪ್ಪಳ ತನ್ನನ್ನು ಬಿಡದೆ ಕಾಡಿತೆಂದು ಅವನೇ ಬರೆದ ನಾಲ್ಕು ಸಾಲು. ಓದಿ ಅವಳ ಮೈ ಉರಿದುಹೋಯಿತು.

"ಭಾವ, ಇದು ನಂದಲ್ವಾ?"

"ನೀನು ಬರೆದಿಟ್ಟಿದ್ಯಾ? ಮೂರೂ ಜನ ಸೇರಿ ನುಡಿಸಿದ್ದು. ಗುಂಪು ನಂದು, ಅದಕ್ಕೆ ಹೆಸರೂ ನಂದು. ಇಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ."

ಗಡಿಯಾರನನ್ನು ಕೇಳಿದಳು. ಅವನು ಡ್ರಮ್ಸಿನ ಸಿಂಬಲ್ ತಟ್ಟೆಯ ತಿರುಪು ಬಿಗಿ ಮಾಡುತ್ತಲೇ, "ನಿಮ್ಮನೆ ವಿಷಯಕ್ಕೆ ನನ್ನನ್ನ ಎಳೀಬೇಡಿ," ಎಂದ. ಅಕ್ಕನಂತೂ, "ಅವಳು ನನಗೂ ಅಮ್ಮನೇ ಅಲ್ವೇನೇ?" ಎಂದು ಇವಳ ಬಾಯಿ ಕಟ್ಟಿದಳು.

ಬಿಡುಗಡೆಯ ಸಂಜೆ ಭಾವ ಮೈಕಿನ ಮುಂದೆ ಅತ್ತೆಯ ಕತೆ ಹೇಳಿ ಕಣ್ಣೊರೆಸಿಕೊಂಡ. ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಹೊರಬಂದವು. ಶುರು ಮಾಡು ಎಂದು ಇವಳತ್ತ ತಲೆಯಾಡಿಸಿದ. ಅವಳು ನುಡಿಸಿದಳು, ಆದರೆ ಒಂದೂ ನಿಲುಗಡೆ ಇಡಲಿಲ್ಲ. ಬಸ್ಸು ಹಿಡಿಯಲು ಹೊರಟ ಗಟ್ಟಿಗಿತ್ತಿಯ ಹಾಗೆ ದಢದಢನೆ ನಡೆಸಿದಳು. ಭಾವನ ಬೆರಳು ಎರಡು ಕಡೆ ತಡವರಿಸಿತು. ಅವನ ಕತ್ತು ಕೆಂಪಾದದ್ದು ಅವಳಿಗೆ ಮಾತ್ರ ಕಂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಏನು ನೋವು ಸಾರ್ ಅದ್ರಲ್ಲಿ!" ಎಂದು ಯಾರೋ ಭಾವನ ಕೈ ಕುಲುಕಿದರು.

ಪರದೆಯ ಹಿಂದೆ ಭಾವ, "ನಾಳೆಯಿಂದ ಬರಬೇಡ," ಎಂದ.

"ಬರೋಳು ಯಾರು?" ಎಂದಳು. ಬೇಸನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಆಮೇಲೆ ಯಾವ ಗುಂಪೂ ಅವಳನ್ನು ಕರೆಯಲಿಲ್ಲ. ಮೂರು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. "ನಿನ್ನ ಜಾಗಕ್ಕೆ ಹೊಸಬ ಸೇರ್ಕೊಂಡಿದಾನೆ ಕಣೇ. ರೆಕಾರ್ಡು ಕೇಳಿ ಕೇಳಿ ಒಂದು ಸ್ವರ ಬಿಡದೆ ಕಲ್ತಿದಾನೆ. ನಿನ್ನೆ ಥೇಟ್ ಅಮ್ಮನೇ ನಡ್ಕೊಂಡು ಬಂದ ಹಾಗಾಯ್ತು. ಅತ್ತುಬಿಟ್ಟೆ."

"ಅಮ್ಮ ಹಾಗೆ ನಡೆಯೋದನ್ನ ನೀನು ಯಾವಾಗ ನೋಡಿದ್ದೆ?"

ಆ ಕಡೆ ಫೋನ್ ಕಟ್ಟಾಯಿತು. ಅಕ್ಕ ಮತ್ತೆಂದೂ ಫೋನ್ ಮಾಡಲಿಲ್ಲ, ಇವಳೂ ಮಾಡಲಿಲ್ಲ.