ಒಪ್ಪಿಗೆಯ ಊಟ

ಮಗಳು ಹೂವಿನ ಅಂಗಡಿಯ ಕಡೆ ತಿರುಗಿದ್ದೇ ತಡ, ರಂಗಯ್ಯ ಸಕ್ಕರೆ ಕಾಯಿಲೆಯ ಮಾತ್ರೆ ಒಂದಲ್ಲ, ಎರಡು ಬಾಯಿಗೆ ಹಾಕಿಕೊಂಡು ಗಟಗಟ ನೀರು ಕುಡಿದ. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಆಗ ಹನ್ನೆರಡು ಗಂಟೆಯ ಬಿಸಿಲು. ಊಟಕ್ಕೆ ಮುಂಚೆ ಒಂದೇ ಒಂದು ಎಂದು ಡಾಕ್ಟರು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆದರೆ ಇವತ್ತಿನದು ದಿನದ ಊಟವೇ? ಮೊಳಕಾಲ್ಮೂರಿನಲ್ಲಿ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಮನುಷ್ಯ. ದಪ್ಪ ಎಳೆ ಬಂದಲ್ಲಿ ಮಗ್ಗದ ಹಲಗೆಯಿಂದ ಒಂದು ಪೆಟ್ಟಿನ ಬದಲು ಎರಡು ಪೆಟ್ಟು ಹಾಕಿ ಕೂರಿಸುವುದು ಅವನ ಕೈಗೆ ರೂಢಿ. ಊಟ ಜೋರಾದರೆ ಮಾತ್ರೆಯೂ ಜೋರಾಗಬೇಕು, ಅಷ್ಟೇ ಲೆಕ್ಕ. ಅದೂ ಸಾಲದೆಂದು ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದಿದ್ದ ಪುಣ್ಯಾತ್ಮ.

ಅವರ ಜನದಲ್ಲಿ ಒಪ್ಪಿಗೆಯ ಊಟವೆಂದರೆ ಹುಡುಗಾಟವಲ್ಲ. ಗಂಡಿನ ತಾಯಿ ಬಡಿಸಿದ್ದನ್ನು ಹೆಣ್ಣಿನ ತಂದೆ ಬೇಡ ಎನ್ನದೆ ಉಣ್ಣಬೇಕು. ತಟ್ಟೆಯಲ್ಲಿ ಬಿಟ್ಟರೆ ಸಂಬಂಧ ಬಿಟ್ಟಂತೆ. ಕಾಯಿಲೆ ಇದೆ, ಸ್ವಲ್ಪ ಹಾಕಿ ಎನ್ನಬಹುದಲ್ಲ ಎಂದು ನೀವು ಕೇಳಬಹುದು. ಎನ್ನುವಂತಿರಲಿಲ್ಲ. ಹೋದ ವರ್ಷ ಪರಶುರಾಂಪುರದ ಗಂಡಿನವರು ಮನೆತನಕ ಬಂದು, ಕಾಫಿಗೆ ಸಕ್ಕರೆ ಬೇಡವೆಂದ ರಂಗಯ್ಯನನ್ನು ಕೆದಕಿ ಕೇಳಿ, ಅಪ್ಪನಿಗೆ ಇದ್ದ ಮೇಲೆ ಮಗಳಿಗೂ ಬಂದೇ ಬರುತ್ತದೆ ಎಂದು ಎದ್ದು ಹೋಗಿದ್ದರು. ತಾಯಿಯಿಲ್ಲದ ಮಗಳು. ತನ್ನ ಬಾಯಿಂದಲೇ ಅವಳ ಬಾಳು ಕೆಟ್ಟಿತೆಂದು ರಂಗಯ್ಯ ಅಂದು ಅತ್ತಿದ್ದ. ಈ ಸಲ ಬಾಯಿ ಬಿಡುವುದಿಲ್ಲವೆಂದು ಗಟ್ಟಿ ಮಾಡಿಕೊಂಡೇ ಬಸ್ಸು ಹತ್ತಿದ್ದ.

"ನಡಿ ನಾಯ್ನಾ, ಆಟೋ ಸಿಕ್ತು," ಎಂದಳು ಮಗಳು ದಿವ್ಯಶ್ರೀ.

ಊಟ ಇದ್ದದ್ದು ಗಂಡಿನದೇ ಹೋಟೆಲಿನಲ್ಲಿ. ಹುಡುಗ ಅಶ್ವಥ್ ಏಳು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ದುಡಿದು, ಅಮೆರಿಕದ ಕಡೆಯ ದ್ವೀಪಗಳ ಅಡುಗೆ ಕಲಿತು ಬಂದು, ಬೈಪಾಸ್ ರಸ್ತೆಯಲ್ಲಿ 'ಕೆರಿಬಿಯನ್ ಕಿಚನ್' ಎಂಬ ಬೋರ್ಡು ಹಾಕಿದ್ದ. ಉಳ್ಳಾರ್ತಿ ಕಾವಲ್ ಕಡೆಯ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸಿನವರು ಭಾನುವಾರ ಬಂದು ಕಾದು ನಿಂತು ತಿನ್ನುತ್ತಾರೆಂದು ಸುದ್ದಿ. ವೆಸ್ಟ್ ಇಂಡೀಸ್ ಕ್ರಿಕೆಟ್ಟಿನವರು ಉಣ್ಣುವ ಊಟ ಎಂಬುದಷ್ಟೇ ರಂಗಯ್ಯನ ತಿಳಿವಳಿಕೆ. ಗೋಡೆಯ ಮೇಲಿನ ಫೋಟೋಗಳನ್ನು ನೋಡಿದ. ಕರಿದ ಬಾಳೆಹಣ್ಣು, ಕರಿದ ಮೀನಿನ ಬೋಂಡ, ಉಬ್ಬಿದ ಪೂರಿಯಂಥದ್ದು, ಎಲ್ಲವೂ ಎಣ್ಣೆಯಲ್ಲಿ ಮುಳುಗಿ ಎದ್ದವೇ. ಸದ್ಯ, ಎರಡು ನುಂಗಿದ್ದು ಒಳ್ಳೆಯದಾಯಿತು ಎಂದುಕೊಂಡ.

ಅಶ್ವಥನ ತಾಯಿ ಚಿತ್ತಮ್ಮ ತಳಕಿನಿಂದ ಬರಬೇಕಾಗಿತ್ತು. ಬಸ್ಸು ಕೆಟ್ಟು ಆಕೆ ಬಂದು ತಲುಪಿದಾಗ ಒಂದೂವರೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿ ಮಗನನ್ನು ಬೆಳೆಸಿದ ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ. ಬಂದವಳೇ ಕೈ ತೊಳೆದು ಬಡಿಸಲು ನಿಂತಳು.

ತಟ್ಟೆಗೆ ಬಿದ್ದದ್ದನ್ನು ಕಂಡು ರಂಗಯ್ಯನಿಗೆ ಏನೂ ತೋಚಲಿಲ್ಲ. ಒಂದು ಸೌಟು ಅನ್ನ, ಅದರಲ್ಲಿ ಅನ್ನಕ್ಕಿಂತ ತೊಗರಿಕಾಳೇ ಹೆಚ್ಚು. ಬೇಯಿಸಿದ ಬಾಳೆಕಾಯಿಯ ನಾಲ್ಕು ಬಿಲ್ಲೆ. ಒಂದು ರಾಶಿ ಸೊಪ್ಪು. ಚರ್ಮ ತೆಗೆದು ಕೆಂಡದಲ್ಲಿ ಸುಟ್ಟ ಕೋಳಿಯ ಎರಡು ತುಂಡು.

"ಇದೇನೋ ಅಶ್ವಥ್, ಕರಿದಿದ್ದು ಒಂದೂ ಇಲ್ವಾ? ಬಂದೋರ್ಗೆ ಇಷ್ಟೇನಾ ಇಕ್ಕೋದು?" ಚಿತ್ತಮ್ಮನಿಗೂ ಕಸಿವಿಸಿ.

"ಅಲ್ಲೂ ಮನೇಲಿ ಉಣ್ಣೋರು ಹಿಂಗೇ ಉಣ್ಣೋದು ಕಣವ್ವ. ಸೊಪ್ಪು ನೋಡು, ನಮ್ ದಂಟಿನ ಸೊಪ್ಪೇ ಐತೆ. ಕಾಯಿಹಾಲು ಒಸಿ ಕಮ್ಮಿ ಹಾಕಿದೀನಿ," ಎಂದ ಅಶ್ವಥ್, ದಿವ್ಯಶ್ರೀಯ ಕಡೆ ನೋಡದೆ.

ರಂಗಯ್ಯ ತಟ್ಟೆಯನ್ನೇ ನೋಡಿದ. ಹೆಣ್ಣಿನ ತಂದೆಗೆ ಇಷ್ಟು ಕೈ ಬಿಗಿಹಿಡಿದು ಬಡಿಸುವುದೆಂದರೇನು? ಬೇಡ ಎನ್ನುವುದನ್ನು ಬಾಯಿಬಿಟ್ಟು ಹೇಳಲಾರದೆ ತಟ್ಟೆಯಲ್ಲಿ ಹೇಳುತ್ತಿದ್ದಾನೆಯೇ ಹುಡುಗ? ಸೊಪ್ಪು ಬಾಯಿಗಿಟ್ಟ, ಕೋಳಿ ಚೂರು ಮುರಿದ, ಅನ್ನವನ್ನು ಬೆರಳಲ್ಲಿ ಕಲಸುತ್ತಾ ಕೂತ.

ಅಷ್ಟರಲ್ಲಿ ಬೆವರು ಕಿತ್ತುಕೊಂಡಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿತು. ಬೆರಳು ನಡುಗಿ ಕಾಳುಗಳು ತಟ್ಟೆಯಾಚೆ ಉದುರಿದವು. ಹೀಗೆ ಹಿಂದೊಮ್ಮೆ ಮಗ್ಗದ ಮೇಲೆ ಆಗಿತ್ತು, ಆಗ ಒಂದು ಹಿಡಿ ಸಕ್ಕರೆ ಮುಕ್ಕಿ ಬಚಾವಾಗಿದ್ದ. ಇಲ್ಲಿ ಸಕ್ಕರೆ ಕೇಳುವುದು ಹೇಗೆ? ಕೇಳಿದರೆ ಯಾಕೆ ಎನ್ನುತ್ತಾರೆ. ತಡೆದುಕೊಂಡರಾಯಿತು, ಹತ್ತು ನಿಮಿಷ, ಊಟ ಮುಗಿಯುವ ತನಕ. ಹಲ್ಲು ಕಚ್ಚಿದ. ಎದುರಿಗೆ ಕೂತ ಮಗಳು ಇಬ್ಬರಾಗಿ ಕಂಡಳು. ಅವಳು ಏನೋ ಹೇಳುತ್ತಾ ಏಳುತ್ತಿದ್ದಳು, ಕೇಳಿಸುತ್ತಿರಲಿಲ್ಲ. ತಾನಿಲ್ಲಿ ಉರುಳಿಬಿದ್ದರೆ ಇವಳ ಗತಿಯೇನು ಎಂಬ ಭಯ ಇಷ್ಟು ದಿನ ಬಚ್ಚಿಟ್ಟ ನಾಚಿಕೆಯನ್ನೆಲ್ಲ ನೂಕಿಬಿಟ್ಟಿತು.

"ಅಮ್ಮಾ, ಒಂದೀಟು ಸಕ್ಕರೆ ಕೊಡ್ರಿ," ಎಂದ. "ನಂಗೆ ಸಕ್ಕರೆ ಕಾಯಿಲೆ ಐತೆ. ಐದು ವರ್ಸ ಆತು. ಇವತ್ತು ತಿಂಡೀನೂ ಬಿಟ್ಟು ಎರಡು ಮಾತ್ರೆ ನುಂಗಿಬಿಟ್ಟೆ."

ಅಶ್ವಥ್ ಒಳಗೆ ಓಡಿದ. ಲೋಟದ ತುಂಬಾ ಸಕ್ಕರೆ ನೀರು ತಂದು ತಾನೇ ತಲೆ ಹಿಡಿದು ಕುಡಿಸಿದ. ದಿವ್ಯಶ್ರೀ ಸೆರಗಿನಿಂದ ಅಪ್ಪನ ಹಣೆ ಒರೆಸುತ್ತಾ ನಿಂತಳು. ಕಾಲು ಗಂಟೆ ಕಳೆಯಿತು. ಬೆವರು ಆರಿ, ಗೋಡೆಯ ಫೋಟೋಗಳು ರಂಗಯ್ಯನ ಕಣ್ಣಿಗೆ ಮತ್ತೆ ಒಂದೊಂದಾಗಿ ಕಂಡವು.

"ಕ್ಷಮಿಸ್ರಿ ಅಮ್ಮಾ," ಎಂದ ರಂಗಯ್ಯ. "ಮುಚ್ಚಿಟ್ಟಿದ್ದು ನಾನು. ಹುಡುಗೀದೇನೂ ತೆಪ್ಪಿಲ್ಲ."

"ಯಾರು ಮುಚ್ಚಿಟ್ರು?" ಎಂದ ಅಶ್ವಥ್. "ಇವ್ಳು ಮೊದ್ಲನೇ ದಿನಾನೇ ಫೋನ್‌ನಾಗೆ ಹೇಳಿದ್ಲು. ನಮ್ ನಾಯ್ನಂಗೆ ಶುಗರ್ ಐತೆ, ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬಿಡಿ ಅಂತ. ಅದ್ಕೇ ಅಲ್ವಾ ಎಣ್ಣೆ ಬಿಟ್ಟು, ಅನ್ನ ಕಮ್ಮಿ ಮಾಡಿ, ಅಳತೆ ನೋಡಿ ಇಕ್ಕಿದ್ದು?"

ರಂಗಯ್ಯ ಮಗಳತ್ತ ನೋಡಿದ. ಅವಳು ತಲೆ ತಗ್ಗಿಸಲಿಲ್ಲ. ತಾನೆತ್ತಿ ಬೆಳೆಸಿದ ಮಗಳಿಗಿದ್ದ ಧೈರ್ಯ ತನಗೆ ಬರಲಿಲ್ಲವಲ್ಲ ಎಂದು ಅವನಿಗೆ ಅವಮಾನವೂ ಆಯಿತು, ಹೆಮ್ಮೆಯೂ ಆಯಿತು.

"ಅಂದ್ರೆ, ಗೊತ್ತಿಲ್ದೆ ಇದ್ದಿದ್ದು ನನಗೊಬ್ಳಿಗೆ," ಎಂದಳು ಚಿತ್ತಮ್ಮ. ದನಿ ಒಣಗಿತ್ತು. ಸೌಟನ್ನು ಮೇಜಿನ ಮೇಲಿಟ್ಟು ಒಳಗೆ ನಡೆದುಬಿಟ್ಟಳು. ಅಶ್ವಥ್ ಹಿಂದೆ ಹೋಗಲು ನೋಡಿದ, ದಿವ್ಯಶ್ರೀ ಬೇಡವೆಂದು ತಲೆಯಾಡಿಸಿದಳು. ಇದೂ ಹೋಯಿತು ಎಂದುಕೊಂಡ ರಂಗಯ್ಯ ಮೇಜಿನ ಕೆಳಗೆ ಕಾಲಲ್ಲೇ ಚಪ್ಪಲಿ ಹುಡುಕತೊಡಗಿದ.

ಚಿತ್ತಮ್ಮ ಅನ್ನದ ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದುಕೊಂಡು ಬಂದಳು. ಬಂದವಳೇ ಅವನ ತಟ್ಟೆಗೆ ಒಂದು, ಮತ್ತೊಂದು ಸೌಟು ಹಾಕಿದಳು.

"ಕಾಯಿಲೆ ಯಾರಿಗ್ ಬರಲ್ಲ? ಬರೀ ಹೊಟ್ಟೇಲಿ ಎರಡು ಮಾತ್ರೆ ನುಂಗ್ತಾರೇನ್ರಿ, ಬುದ್ಧಿ ಇರೋರು?" ಎಂದು ಗದರಿದಳು. "ನಾಳೆ ಮಗಳ ಮದ್ವೆ ಆಗಿ ನೀವು ನಮ್ಮನೆಗೆ ಬಂದಾಗ್ಲೂ ಹಿಂಗೇ ಮಾಡ್ಕಂಡ್ ಬಿದ್ರೆ, ನನ್ ಸೊಸೆ ಮುಖ ನಾನು ಹೆಂಗ್ ನೋಡ್ಲಿ?"

ರಂಗಯ್ಯ ಚಪ್ಪಲಿಯಿಂದ ಕಾಲು ತೆಗೆದು ತಟ್ಟೆಯ ಮುಂದೆ ಬಾಗಿದ. ಚಿತ್ತಮ್ಮ ತನಗೂ ಒಂದು ತಟ್ಟೆ ಎಳೆದುಕೊಂಡು ಅವನ ಪಕ್ಕ ಕೂತು, ಆರಿಹೋಗಿದ್ದ ಬಾಳೆಕಾಯಿಯ ಬಿಲ್ಲೆಯೊಂದನ್ನು ಮುರಿದು ಸೊಪ್ಪಿಗೆ ಅದ್ದಿದಳು.