ಬೀಸುವ ಪದದ ಮೂರನೇ ನುಡಿ

ಮಲ್ಲಾಜಮ್ಮ ಎಲ್ಲಿದ್ದಾಳೆಂದು ಯಾರಿಗೂ ಹೇಳುವುದಿಲ್ಲ ಎಂದು ಶಿವರಂಜಿನಿ ಮಾತು ಕೊಟ್ಟಾಗ ಅವಳಿಗೆ ಹತ್ತು ವರ್ಷ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅವಳಮ್ಮ, ಗಂಡನೇ ಸೀಮೆಎಣ್ಣೆ ಸುರಿದು ಸುಟ್ಟ ಹೆಂಗಸೊಬ್ಬಳನ್ನು ವಾರ್ಡಿನ ಹಿಂಬಾಗಿಲಿನಿಂದ ಮನೆಗೆ ಕರೆತಂದಿದ್ದಳು. ಆ ಮಲ್ಲಾಜಮ್ಮನ ತಲೆಯ ಮೇಲೆ ಮಗಳ ಕೈ ಇಡಿಸಿ ಆಣೆ ಮಾಡಿಸಿದಳು. ಆಮೇಲೆ ಗುಂಡ್ಲುಪೇಟೆಗೆ ವರ್ಗ ಮಾಡಿಸಿಕೊಂಡು, ಅಕ್ಕಪಕ್ಕದವರಿಗೆ ‘ಇವಳು ನಮ್ಮಕ್ಕ’ ಎಂದುಬಿಟ್ಟಳು. ಈಗ ಅಮ್ಮ ಇಲ್ಲ. ಶಿವರಂಜಿನಿ ತಾಲ್ಲೂಕು ಕಚೇರಿಗೆ ಹೊರಟರೆ ಮಗಳು ಅನುವಿಗೆ ಜಡೆ ಹಾಕಿ ಶಾಲೆಗೆ ಕಳಿಸುವುದು ಈ ದೊಡ್ಡಮ್ಮನೇ.

ಅದು ಎರಡು ಸಾವಿರದ ಎಂಟನೇ ಇಸವಿ. ಕಚೇರಿ ಬಿಟ್ಟ ಮೇಲೆ ಅರ್ಧ ಗಂಟೆ ಶಿವರಂಜಿನಿ ಬಸ್ ನಿಲ್ದಾಣದ ಎದುರಿನ ನೂರುಲ್ಲಾನ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದಳು. ದಿನವಿಡೀ ಪಹಣಿ ಟೈಪು ಮಾಡಿ ಸೋತ ಬೆರಳಿಗೆ ಅದೊಂದೇ ಸುಖ. ಆರ್ಕುಟ್ ಜಾಲತಾಣದಲ್ಲಿ ಹಳೇ ಚಿತ್ರಗೀತೆಗಳ ಹುಚ್ಚಿನವರದೊಂದು ಗುಂಪಿತ್ತು. ಒಂದು ಹಾಡು ಹಿಡಿದರೆ ಸಾಲುಸಾಲಿಗೂ ಹುಡುಕಾಟ, ಚರ್ಚೆ, ಟಿಪ್ಪಣಿ. ಹೇಳಿದವರು ಯಾರು, ಯಾವ ಊರು ಎಂದು ಕಾಣಿಸದ ಟಿಪ್ಪಣಿಯನ್ನು ಗುಂಪು ಮುಲಾಜಿಲ್ಲದೆ ತೆಗೆದುಹಾಕುತ್ತಿತ್ತು.

ಆ ತಿಂಗಳ ಹಾಡಿನಲ್ಲಿ ರಾಗಿ ಬೀಸುವ ಪದದ ಎರಡು ನುಡಿಗಳಿದ್ದವು. ಮೂರನೆಯದು ಯಾರಿಗಾದರೂ ಗೊತ್ತೇ ಎಂದು ಗುಂಪು ತಿಂಗಳಿಂದ ತಡಕಾಡುತ್ತಿತ್ತು. ಶಿವರಂಜಿನಿಗೆ ಗೊತ್ತಿತ್ತು. ದೊಡ್ಡಮ್ಮ ಪಾತ್ರೆ ಉಜ್ಜುತ್ತಾ ಹಾಡುತ್ತಿದ್ದುದನ್ನು ಕದ್ದು ಬರೆದುಕೊಂಡಿದ್ದಳು:

ಮೆಲ್ಲಕೆ ತಿರುಗವ್ವ ರಾಗಿಯ ಬೀಸೋಕಲ್ಲೆ
ಕಿವಿಮ್ಯಾಲೆ ಮಚ್ಚೆಯ ಚಿಕ್ಕಮಾದು ತೊಡೆಮ್ಯಾಲೆ
ಈಗಿನ್ನು ಕಣ್ಣ ಮುಚ್ಚವ್ನೆ

ಕೆಳಗೆ, ಕಟ್ಟುಪಾಡಿನಂತೆ, ‘ಹೇಳಿದವರು: ನಮ್ಮ ದೊಡ್ಡಮ್ಮ, ಗುಂಡ್ಲುಪೇಟೆ. ಟೈಪಿಂಗ್ ನೆರವು: ನೂರುಲ್ಲಾ ಸೈಬರ್ ಸೆಂಟರ್’ ಎಂದು ಸೇರಿಸಿದಳು. ಹೆಸರು ಹಾಕಲಿಲ್ಲವಲ್ಲ ಎಂಬ ಧೈರ್ಯ. ಗುಂಪಿಗೆ ಗುಂಪೇ ಕೊಂಡಾಡಿತು.

ಗುರುವಾರ ಒಂದು ಸಂದೇಶ ಬಂತು. ಕಳಿಸಿದವನು ‘ಮಾದು, ಚಂದಕವಾಡಿ’. ‘ನಿಮ್ಮ ದೊಡ್ಡಮ್ಮನನ್ನು ನೋಡಬೇಕು. ಭಾನುವಾರ ಹತ್ತು ಗಂಟೆಗೆ ಸೈಬರ್ ಸೆಂಟರಿಗೆ ಬರುತ್ತೇನೆ.’

ಚಂದಕವಾಡಿ ಎಂದರೆ ದೊಡ್ಡಮ್ಮನ ಗಂಡನ ಊರು. ಶಿವರಂಜಿನಿ ಕೂತಲ್ಲೇ ಟಿಪ್ಪಣಿ ಅಳಿಸಿದಳು. ಓದಿದವನು ಓದಿಯಾಗಿತ್ತು.

ಮನೆಗೆ ಬಂದವಳೇ ಎಲ್ಲ ಹೇಳಿದಳು. ದೊಡ್ಡಮ್ಮ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು.

“ಯೆಸ್ರನ್ನೂ ಬರ್ದ್ಯಾ?”

“ಇಲ್ಲ ದೊಡ್ಡಮ್ಮ, ಪದ ಅಷ್ಟೇ. ಚಿಕ್ಕಮಾದು ಅಂತ ಪದದಲ್ಲೇ ಇತ್ತಲ್ಲ...”

“ಅಯ್ಯೋ, ಎಂತಾ ಕೆಲ್ಸ ಮಾಡ್ಬುಟ್ಟೆ ಕಣಮ್ಮಿ! ಬೀಸೋ ಪದಕ್ಕೆ ಅವರವರ ಮಗಿನ ಯೆಸ್ರು ಸೇರುಸ್ಕಂಡು ಆಡದು. ಅದು ನನ್ ಮಗನ ಯೆಸ್ರು. ಮಿಲ್ಲಿನ ಇಟ್ಟು ತಿಂದು ಬೆಳ್ದೋಳು, ನಿಂಗೆಲ್ ಗೊತ್ತಾಯ್ತದೆ?”

ಸುಟ್ಟು ಮುದುಡಿದ ತೋಳನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು. ಐದು ವರ್ಷದ ಮಗನನ್ನು ಬಿಟ್ಟು ಬಂದಿದ್ದಳು. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಅವನ ಮಾತೆತ್ತಿರಲಿಲ್ಲ.

“ಮಗ ಒಬ್ನೇ ಬಂದ್ರೆ?” ಎಂದಳು ಶಿವರಂಜಿನಿ.

“ಒಬ್ನೇ ಬಂದ್ರೆ ಕರ್ಕಂಡ್ ಬಾ. ಅವ್ರಪ್ಪ ಬಂದಿದ್ರೆ... ಸಿಕ್ಕುದ್ ದಿನ ಮಿಕ್ಕುದ್ನೂ ಸುಡ್ತೀನಿ ಅಂತ ಆಸ್ಪತ್ರೆ ಮಂಚದ್ ತಾವ್ಲೇ ಯೇಳಿದ್ದ.”

ಹೋಗದೆ ಇದ್ದುಬಿಡಬಹುದಿತ್ತು. ಆದರೆ ನೂರುಲ್ಲಾ ಶನಿವಾರವೇ ಹಲ್ಲು ಕಿರಿದಿದ್ದ: “ಮೇಡಂ, ಯಾರೋ ಮಾದು ಅಂತ ಫೋನ್ ಮಾಡಿದ್ರು. ನಿಮ್ ಅಭಿಮಾನಿಯಂತೆ! ನೀವ್ ಬರದಿದ್ರೂ ಮನೆ ತೋರಿಸ್ತೀನಿ ಬನ್ನಿ ಅಂದಿದ್ದೀನಿ.” ಹಾಗಾಗಿ ಭಾನುವಾರ ಒಂಬತ್ತಕ್ಕೇ ಹೋಗಿ ಕುಳಿತಳು. ದೊಡ್ಡಮ್ಮನೂ ಅನುವೂ ಒಳಗಿರುವಂತೆ ಮನೆಗೆ ಹೊರಗಿನಿಂದ ಬೀಗ ಹಾಕಿ, ಅನುವಿಗೆ ಸದ್ದು ಮಾಡಬೇಡ ಎಂದು ಹೇಳಿ ಬಂದಿದ್ದಳು.

ಹತ್ತೂವರೆಗೆ ಬಂದವನಿಗೆ ಮೂವತ್ತರ ವಯಸ್ಸು, ಮೆತ್ತಗಿನ ಮುಖ. ಬಲಗಿವಿಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ. ಶಿವರಂಜಿನಿಯ ಎದೆ ಹಗುರವಾಯಿತು, ನಿಜವಾಗಿ ಮಗನೇ. ಬಾ ಎನ್ನಲು ಬಾಯಿ ತೆರೆದಳು.

“ನಮಸ್ಕಾರ ಅಕ್ಕಾ. ತಡ ಆಯ್ತು, ನಮ್ಮಪ್ಪನೂ ಬತ್ತೀನಿ ಅಂತ ಹಟ ಮಾಡ್ಬುಟ್ರು.”

ಬಾಗಿಲಾಚೆ, ರಸ್ತೆಯ ಆ ಬದಿಯಲ್ಲಿ, ಬಿಳಿ ಪಂಚೆಯ ಮುದುಕನೊಬ್ಬ ಬೇಲಿಗೂಟದಂತೆ ನಿಂತಿದ್ದ. ತೆರಕಣಾಂಬಿ ಬಸ್ಸಿನಿಂದ ಹೆಂಗಸರು ಇಳಿಯುತ್ತಿದ್ದರು. ಒಬ್ಬೊಬ್ಬಳ ಮುಖವನ್ನೂ ಬಗ್ಗಿ ನೋಡುತ್ತಿದ್ದ, ಆಮೇಲೆ ತೋಳನ್ನು ನೋಡುತ್ತಿದ್ದ.



“ಆ ಪದ ನಮ್ಮವ್ವಂದು ಅಕ್ಕಾ. ನಿಮ್ ದೊಡ್ಡಮ್ಮಂಗೆ ಯಾರ್ ಯೇಳ್ಕೊಟ್ರು?”

“ನಂಗೆ ದೊಡ್ಡಮ್ಮನೇ ಇಲ್ಲ,” ಎಂದಳು. “ಮೂಲ ಬರೀದೆ ಇದ್ರೆ ಟಿಪ್ಪಣಿ ತೆಗೀತಾರೆ ಅಂತ ಸುಳ್ಳು ಬರೆದೆ. ನಮ್ಮಮ್ಮ ಆಸ್ಪತ್ರೇಲಿ ಆಯಾ ಆಗಿದ್ರು. ವಾರ್ಡಿನಲ್ಲಿ ಯಾರೋ ಹಾಡ್ತಿದ್ರಂತೆ.”

“ಅವ್ರು?”

“ಆಮೇಲೆ ತಾಳವಾಡಿ ಕಡೆ ಹೋದ್ರಂತೆ. ಅದೇ ವರ್ಷ ತೀರ್ಕೊಂಡ್ರು ಅಂತ ಅಮ್ಮಂಗೆ ಸುದ್ದಿ ಬಂದಿತ್ತು.”

ನೂರುಲ್ಲಾ ಬಾಯಿ ತೆರೆದವನು ಅವಳ ಮುಖ ನೋಡಿ ಪ್ರಿಂಟರಿಗೆ ಕಾಗದ ತುಂಬಲು ಹೊರಟ. ಅವನಿಗೆ ದೊಡ್ಡಮ್ಮ ಗೊತ್ತಿತ್ತು, ಅನುವಿನ ಕೈ ಹಿಡಿದು ಎಷ್ಟೋ ಸಲ ಅಂಗಡಿ ಮುಂದೆ ಹಾದವಳು.

ಮಾದು ಹೊರಟ. ಬಾಗಿಲಲ್ಲಿ ತಿರುಗಿ, “ಪದ ಮಾತ್ರ ಅಳಿಸ್ಬುಟ್ರಲ್ಲಕ್ಕಾ, ಬರ್ಕೊಡ್ತೀರಾ?” ಎಂದ. ಬರೆದುಕೊಟ್ಟಳು.

ಅಪ್ಪ ಮಗ ಹತ್ತಿದ ಬಸ್ಸು ಕಣ್ಮರೆಯಾಯಿತು. ಮಾದು ನಾಳೆ ಗುಂಪಿನಲ್ಲಿ ವಿಚಾರಿಸಿದರೂ ಇದೇ ಉತ್ತರ ಸಿಗಲೆಂದು, ಸುಳ್ಳು ಮೂಲ ಕೊಟ್ಟಿದ್ದೆನೆಂದು ಗುಂಪಿಗೆ ಅಲ್ಲೇ ಬರೆದಳು. ಸಂಜೆಯೊಳಗೆ ಅವರು ಗುಂಪಿನಿಂದ ಅವಳ ಹೆಸರು ತೆಗೆದುಹಾಕಿದರು.

ಮಲ್ಲಾಜಮ್ಮ ಎಲ್ಲಿದ್ದಾಳೆಂದು ಶಿವರಂಜಿನಿ ಹೇಳಲಿಲ್ಲ. ಕೊಟ್ಟ ಮಾತು ಉಳಿಯಿತು.