ಇಪ್ಪತ್ತೊಂದು ಸುತ್ತು

ಊರಿಗೆ ನೀರು ಬಿಡುವ ನೀರುಗಂಟಿಗೆ ನಗರಸಭೆ ಒಂಬತ್ತು ತಿಂಗಳು ಸಂಬಳ ಕೊಡಲಿಲ್ಲ. ಬಜೆಟ್ಟಿನಲ್ಲಿ ಕೊರತೆ ಎಂದರು. ಅದೇ ಕೊರತೆಯ ಹೆಸರಿನಲ್ಲಿ ಅವನ ಜೊತೆಗಾರನನ್ನೂ ಕೆಲಸದಿಂದ ತೆಗೆದರು. ನಿನ್ನೆ ಸಂಜೆಯ ಸರದಿಗೆ ವಾಲ್ವಿನ ಗುಂಡಿಗೆ ಒಬ್ಬನೇ ಇಳಿದವನು ಮತ್ತೆ ಹತ್ತಿ ಬರಲಿಲ್ಲ.

ಈಗ ಅವನ ಮೈ ತೊಳೆಯಲು ನೀರು ಬೇಕಿತ್ತು. ಬೀದಿ ಗುಡಿಸುವ ಅಕ್ಕ ಅಂಗಳದಲ್ಲಿ ಡ್ರಮ್ಮನ್ನು ಓರೆ ಮಾಡಿ, ಚೊಂಬಿನಿಂದ ತಳ ಕೆರೆಯುತ್ತಿದ್ದಳು.

"ಅರ್ಧ ಕೊಡಾನೂ ಆಗಲ್ಲ ಕಣೋ."

"ನಲ್ಲಿ ನೋಡಿದ್ಯಾ?" ಎಂದ ಕಸದ ಲಾರಿಯ ಡ್ರೈವರ್.

"ನಲ್ಲೀಲಿ ಎಲ್ಲಿಂದ ಬರುತ್ತೆ? ಬಿಡೋನು ಒಳಗೆ ಮಲಗಿದ್ದಾನೆ."

ಡ್ರೈವರ್ ಮೀಸೆ ಸವರಿಕೊಂಡ. "ನನಗೂ ಸಂಬಳ ಇಲ್ದೆ ಒಂಬತ್ತು ತಿಂಗಳು. ಮನೇಲಿ ನನ್ನನ್ನ ನೆಂಟ ಅಂತಾರೆ. ತಿಂದು ಹೋಗ್ತೀನಂತೆ."

ಅಕ್ಕ ಫಕ್ಕನೆ ನಕ್ಕು, ಒಳಗೆ ಹೆಣವಿರುವುದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

* * *

ಮದುವೆಯಾದ ಹೊಸತರಲ್ಲಿ ನೀರುಗಂಟಿಯ ಹೆಂಡತಿ ಅವನನ್ನು ಕೇಳಿದ್ದಳು: "ಒಂದೇ ಒಂದಿನ ಬೆಳಗಾಗೋವರೆಗೂ ಮಲಗಿದ್ರೆ ಏನಾಗುತ್ತೆ?"

"ಊರು ಬೈಯುತ್ತೆ."

ನಾಲ್ಕಕ್ಕೇ ಎದ್ದು ಹೊರಟುಬಿಡುತ್ತಿದ್ದ. ಅವನು ಮಲಗಿದ್ದ ಜಾಗದ ಬಿಸುಪಿನ ಮೇಲೆ ಅವಳು ಅಂಗೈ ಇಟ್ಟುಕೊಂಡು, ಅದು ತಣ್ಣಗಾಗುವವರೆಗೂ ಎಚ್ಚರವಾಗಿರುತ್ತಿದ್ದಳು.

ಊಟಕ್ಕೆ ಕೂತಾಗ ಮಾತ್ರ ಅವನಿಗೆ ಮಾತು. ಶಾಲೆ ಹಿಂದಿನ ವಾಲ್ವಿಗೆ ಹದಿನಾಲ್ಕು ಸುತ್ತು. ಆಸ್ಪತ್ರೆಯದಕ್ಕೆ ಇಪ್ಪತ್ತೊಂದು, ಹತ್ತೊಂಬತ್ತಕ್ಕೆ ನಿಲ್ಲಿಸಿ, ಪೈಪಿನ ಗೊರಗೊರ ಅಡಗಿದ ಮೇಲೆ ಉಳಿದೆರಡು. ಅವಸರ ಮಾಡಿದರೆ ಹಳೆಯ ಪೈಪು ಒಡೆಯುತ್ತದೆ. ಕಚೇರಿಯಲ್ಲಿ ಇದರ ನಕ್ಷೆಯೂ ಇರಲಿಲ್ಲ. ಅವಳು ಕೇಳಿ ಕೇಳಿಯೇ ಊರನ್ನೆಲ್ಲ ಬಾಯಿಪಾಠ ಮಾಡಿಕೊಂಡಳು.

"ಇನ್ನು ನಾಲ್ಕೇ ತಿಂಗಳು," ಎಂದಿದ್ದ ಮೊನ್ನೆ. "ರಿಟೈರ್ ಆಗ್ಲಿ, ನೀನು ಬೈದ್ರೂ ಏಳಲ್ಲ."

"ನಾನ್ಯಾಕೆ ಬೈಲಿ?" ಎಂದಿದ್ದಳು.

* * *

ಜೀಪು ಬಂತು. ನಗರಸಭೆಯ ಇಂಜಿನಿಯರ್ ಬಾಗಿಲಲ್ಲಿ ನಿಂತ.

"ಸಾಹೇಬ್ರಿಗೆ ನಮ್ಮ ಬೀದಿ ಗೊತ್ತಾಯ್ತಲ್ಲ!" ಎಂದ ಡ್ರೈವರ್. "ಸಂಬಳದ ಫೈಲಿಗೇ ಪಾಪ, ದಾರಿ ಸಿಕ್ಕಿಲ್ಲ."

ಇಂಜಿನಿಯರ್ ಅವನತ್ತ ನೋಡಲಿಲ್ಲ. "ತುಂಬಾ ಬೇಜಾರಾಯ್ತಮ್ಮ. ಆದ್ರೆ ಊರಲ್ಲಿ ಹನಿ ನೀರಿಲ್ಲ. ಸುತ್ತಿನ ಲೆಕ್ಕ ನಿಮಗೆ ಗೊತ್ತಂತೆ."

ಹೆಂಡತಿ ಗಂಡನ ತಲೆಯ ಬಳಿಯಿಂದ ಕದಲದೆ ಹೇಳಿದಳು: "ಆಸ್ಪತ್ರೆದು ಇಪ್ಪತ್ತೊಂದು. ಹತ್ತೊಂಬತ್ತಕ್ಕೆ ನಿಲ್ಲಿಸಿ, ಸದ್ದು ಅಡಗಲಿ. ಅಲ್ಲಿ ಕಾಯಿಲೆಯವರಿದ್ದಾರೆ, ಬರ್ಕೊಳಿ."

ಅವನು ಬರೆದುಕೊಂಡ. "ಉಳಿದದ್ದು?"

"ನಾಳೆ ಹೇಳ್ತೀನಿ."

"ನಾಳೆ ಅಂದ್ರೆ ಆಗಲ್ಲ. ಕಮಿಷನರ್ ಆರ್ಡರ್. ಜೀಪಿದೆ, ಈಗಲೇ ಬಂದು ಒಂದೊಂದೇ ತೋರಿಸಿ. ಇಲ್ಲಿ ಇವರೆಲ್ಲ ಇದ್ದಾರಲ್ಲ."

ಅಕ್ಕ ಬಗ್ಗಿ ಪಿಸುಗುಟ್ಟಿದಳು. "ಹೋಗಿ ಬಾರೇ. ಅವನ ಮೈ ತೊಳೆಯೋಕಾದ್ರೂ ನೀರು ಬರುತ್ತೆ."

"ಇರೋ ನೀರೇ ಸಾಕು ಅಕ್ಕ. ಬಟ್ಟೆ ಅದ್ದಿ ಒರೆಸ್ತೀನಿ." ಅವಳು ಇಂಜಿನಿಯರ್ ಕಡೆ ತಿರುಗಿದಳು. "ಗಂಟೆ ಎಂಟು, ಸಾರ್. ಮೂವತ್ತೊಂದು ವರ್ಷದಲ್ಲಿ ಬೆಳಗ್ಗೆ ಇವರು ನನ್ನ ಜೊತೆ ಮನೇಲಿರೋದು ಇದೇ ಮೊದಲು. ನಾನು ಬರಲ್ಲ."

"ಅಮ್ಮ, ಇದು ಆರ್ಡರ್."

ಅವಳು ಚಾಪೆಯ ಅಂಚಿಗೆ ಜರುಗಿ, ಅಷ್ಟು ಜನರ ಎದುರೇ ಗಂಡನ ಪಕ್ಕದಲ್ಲಿ ಕಾಲು ನೀಡಿ ಮಲಗಿದಳು. ಬೀದಿಯಲ್ಲಿ ಜೀಪು ಗುರುಗುಡುತ್ತಲೇ ಇತ್ತು.